ಸುಂಕ ಇಳಿಯಿತು, ಏಳು ಪೆಸೊ ಯಾರ ಜೇಬಿಗೆ ಹೋಯಿತು?

‘ಆಮದು ಸುಂಕ ಇಳಿಸಿದರೆ ಅಕ್ಕಿ ಅಗ್ಗವಾಗುತ್ತೆ, ಅಲ್ವಾ?’ ಅಕ್ಕಿ ವ್ಯಾಪಾರದ ಲೆಕ್ಕ ನೋಡುವ ನನಗೆ ಈ ಪ್ರಶ್ನೆ ಆಗಾಗ ಬರುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಏನಾಯಿತು ನೋಡಿ ಅನ್ನುತ್ತೇನೆ.

ಅಲ್ಲಿ ಹೊರಗಿನಿಂದ ಎಷ್ಟು ಅಕ್ಕಿ ಬರಬೇಕು ಅನ್ನುವುದು ಮೊದಲು ಸರ್ಕಾರದ ಆಹಾರ ಪ್ರಾಧಿಕಾರದ ಕೈಯಲ್ಲಿತ್ತು. 2018ರಲ್ಲಿ ಅದರ ದಾಸ್ತಾನು ತಳ ಕಂಡಿತು, ಬೆಲೆ ಏರಿತು. 2019ರ ಫೆಬ್ರವರಿಯಲ್ಲಿ ಹೊಸ ಕಾನೂನು ಬಂತು. ಪ್ರಮಾಣದ ಮಿತಿ ಹೋಯಿತು. ಶೇ 35 ಸುಂಕ ಕಟ್ಟಿ ಖಾಸಗಿಯವರು ವಿಯೆಟ್ನಾಂ, ಥಾಯ್ಲೆಂಡ್ ಅಕ್ಕಿಯನ್ನು ಎಷ್ಟು ಬೇಕಾದರೂ ತರಿಸಬಹುದಾಯಿತು. 2024ರ ಜುಲೈನಲ್ಲಿ ಆ ಸುಂಕವನ್ನು ಶೇ 15ಕ್ಕೆ ಇಳಿಸಿದರು.

ಸುಮ್ನೆ ಒಂದು ಲೆಕ್ಕ ಹಾಕೋಣ. ಟನ್ನಿಗೆ 600 ಡಾಲರ್ ಅಕ್ಕಿ ಅಂದುಕೊಳ್ಳಿ. ಮೊದಲು ಸುಂಕ 210 ಡಾಲರ್, ಇಳಿಸಿದ ಮೇಲೆ 90. ಉಳಿತಾಯ 120 ಡಾಲರ್. ಆಗಿನ ವಿನಿಮಯ ದರದಲ್ಲಿ ಕಿಲೋಗೆ ಹತ್ತಿರಹತ್ತಿರ 7 ಪೆಸೊ (ಪೆಸೊ ಅಂದರೆ ಅಲ್ಲಿನ ಹಣ). ಅಂಗಡಿಯಲ್ಲಿ ಬೆಲೆ ಅಷ್ಟು ಇಳಿಯಲಿಲ್ಲ. 2025ರ ಜನವರಿಯಲ್ಲಿ ಆಮದು ಅಕ್ಕಿಗೆ ಕಿಲೋಗೆ 58 ಪೆಸೊ ದಾಟಬೇಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಫೆಬ್ರವರಿಯಲ್ಲಿ ಆಹಾರ ಭದ್ರತೆಯ ತುರ್ತು ಸ್ಥಿತಿಯನ್ನೂ ಘೋಷಿಸಿದರು.

ಕಾಗದದ ಮೇಲೆ ಬಾಗಿಲು ಎಲ್ಲರಿಗೂ ತೆರೆದಿದೆ. ಆದರೆ ಹಡಗಿನ ಸರಕಿಗೆ ದೊಡ್ಡ ಬಂಡವಾಳ ಬೇಕು, ಗೋದಾಮು ಬೇಕು, ಸಸ್ಯ ಆರೋಗ್ಯ ಇಲಾಖೆಯ ಪರವಾನಗಿ ಬೇಕು. ಇಷ್ಟೂ ಇರುವವರು ಎಷ್ಟು ಜನ? ಅವರು ಪೈಪೋಟಿಗೆ ಇಳಿಯದಿದ್ದರೆ ಸುಂಕದ ಉಳಿತಾಯ ಗೋದಾಮಿನಲ್ಲೇ ನಿಂತುಬಿಡುತ್ತದೆ.

ರೈತನ ಕಥೆ ಇನ್ನೂ ಕಷ್ಟ. ಅಲ್ಲಿ ಮುಖ್ಯ ಕೊಯ್ಲು ಮಳೆಯ ಜೊತೆಗೇ ಬರುತ್ತದೆ. ಭತ್ತ ಕೆಡದೆ ಇರಬೇಕಾದರೆ ತೇವಾಂಶ ಶೇ 14ರ ಆಸುಪಾಸಿಗೆ ಇಳಿಯಬೇಕು. ಡ್ರೈಯರ್ ಸಿಗದವರು ಕಾಂಕ್ರೀಟ್ ರಸ್ತೆಯ ಮೇಲೆ ಹರಡಿ ಒಣಗಿಸುತ್ತಾರೆ. ನಮ್ಮ ಗಂಗಾವತಿ, ಸಿಂಧನೂರಿನ ದಾರಿಯಲ್ಲಿ ಕಾಣುವುದೂ ಇದೇ ಅಲ್ವಾ? ಮೋಡ ಕವಿದರೆ ಆ ಭತ್ತ ನಾಳೆಗೆ ಕಾಯುವುದಿಲ್ಲ. ಖರೀದಿದಾರನಿಗೆ ಅದು ಗೊತ್ತು. ಆಮದು ಅಕ್ಕಿ ಬಂದರಿನಲ್ಲಿದ್ದರಂತೂ ಅವನು ಹೇಳಿದ್ದೇ ಬೆಲೆ.

ಕೊನೆಗೆ 2025ರ ಸೆಪ್ಟೆಂಬರ್ 1ರಿಂದ ಆಮದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದರು. ಅಧ್ಯಕ್ಷ ಮಾರ್ಕೋಸ್ ಭಾರತ ಪ್ರವಾಸದಲ್ಲಿದ್ದಾಗಲೇ ಆ ತೀರ್ಮಾನ ಹೊರಬಿತ್ತು. ಇದು ನನಗೆ ಸರಿ ಕಾಣುವುದಿಲ್ಲ. ಬಾಗಿಲು ಮುಚ್ಚುತ್ತದೆ ಅಂತ ಮುಂಚೆಯೇ ಗೊತ್ತಾದರೆ, ದುಡ್ಡಿದ್ದವನು ಮೊದಲೇ ತರಿಸಿ ಗೋದಾಮು ತುಂಬಿಸಿಕೊಳ್ಳುತ್ತಾನೆ. ಅದರ ಬದಲು ಯಾವ ಗೋದಾಮಿನಲ್ಲಿ ಎಷ್ಟು ಅಕ್ಕಿ ಇದೆ ಅನ್ನುವುದನ್ನು ವಾರವಾರ ಬಹಿರಂಗ ಮಾಡಲಿ. 2019ರ ಕಾನೂನಿನಲ್ಲೇ ರೈತರ ಬೀಜ, ಯಂತ್ರಗಳಿಗೆ ವರ್ಷಕ್ಕೆ 1,000 ಕೋಟಿ ಪೆಸೊ ಎತ್ತಿಟ್ಟಿದ್ದರು, 2024ರ ಡಿಸೆಂಬರ್‌ನಲ್ಲಿ ಅದನ್ನು 3,000 ಕೋಟಿಗೆ ಏರಿಸಿದರು. ಅದರಲ್ಲಿ ಹೆಚ್ಚಿನದು ಮೊದಲು ಡ್ರೈಯರ್‌ಗೆ ಹೋಗಲಿ.