ಒಂದೇ ಹೋಟೆಲಿಗೆ ನಾಲ್ಕು ಹೆಸರು

ಕಳೆದ ಮಳೆಗಾಲದಲ್ಲಿ ಮುಂಬಯಿಯ ಮಾಟುಂಗಾದ ಹಿರಿಯ ಹೋಟೆಲ್ ಮಾಲೀಕರೊಬ್ಬರು ಒಂದು ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ನನ್ನ ಕಚೇರಿಗೆ ಬಂದರು. ಹೋಟೆಲಿನ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಖಾತೆಗಳಿಗೆ, ಅವು ಅಸಲಿ ಎಂದು ತೋರಿಸುವ ನೀಲಿ ಟಿಕ್ ಪಡೆಯಲು ಅವರ ಮೊಮ್ಮಗ ಎರಡು ಸಲ ಅರ್ಜಿ ಹಾಕಿದ್ದ. ಎರಡು ಸಲವೂ ಅದು ತಿರಸ್ಕೃತವಾಗಿತ್ತು. ಈ ನಡುವೆ ಅವರದೇ ಊಟದೆಲೆಯ ಫೋಟೋಗಳನ್ನು ಹಾಕಿಕೊಂಡು ಯಾರೋ ಇನ್ನೊಂದು ಖಾತೆ ತೆರೆದು, ಪಾರ್ಸೆಲ್ ಊಟಕ್ಕೆ ಮುಂಗಡ ಹಣ ಕೇಳತೊಡಗಿದ್ದರು. "ಮಾರಾಯ್ರೇ, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಜನ ಬಂದು ನಿಲ್ತಾರೆ. ನಾವು ನಾವೇ ಅಂತ ಇನ್ನು ಯಾರಿಗೆ ತೋರಿಸ್ಬೇಕು?" ಎಂದು ಅವರು ಕೇಳಿದ ಪ್ರಶ್ನೆಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು.

ಫೈಲಿನಲ್ಲಿದ್ದ ಕಾಗದಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದೆವು. ಹೋಟೆಲಿನ ಹೆಸರಿನ ಮೊದಲ ಪದ 'ಶ್ರೀ'. ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಅದನ್ನು ಇಂಗ್ಲಿಷಿನಲ್ಲಿ ಎಸ್, ಎಚ್, ಆರ್, ಇ, ಇ ಎಂದು ಬರೆದಿತ್ತು. ಆಹಾರ ಪರವಾನಗಿಯಲ್ಲಿ ಎಸ್, ಆರ್, ಐ ಮಾತ್ರ. ಬ್ಯಾಂಕಿನ ಚಾಲ್ತಿ ಖಾತೆಯ ಸ್ಟೇಟ್‌ಮೆಂಟಿನಲ್ಲಿ ಎಸ್, ಎಚ್, ಆರ್, ಐ. ಅಂಗಡಿಯ ನೋಂದಣಿಯಾದ ಗುಮಾಸ್ತಾ ಕಾಗದದಲ್ಲಿ 'ಶ್ರೀ' ಎಂಬುದೇ ಇರಲಿಲ್ಲ. ವಿದ್ಯುತ್ ಪೂರೈಸುವ ಬೆಸ್ಟ್ ಸಂಸ್ಥೆಯ ಲೈಟ್ ಬಿಲ್ ಇಂದಿಗೂ ತೀರಿಕೊಂಡ ತಂದೆಯವರ ಹೆಸರಿನಲ್ಲೇ ಬರುತ್ತಿತ್ತು. ವಿಳಾಸದ ಮಟ್ಟಿಗೆ ಒಂದು ಕಾಗದ ಮಾಟುಂಗಾ ಪೂರ್ವ ಎಂದರೆ ಇನ್ನೊಂದು ಕಿಂಗ್ಸ್ ಸರ್ಕಲ್ ಎನ್ನುತ್ತಿತ್ತು, ಮತ್ತೊಂದು ಮಾಹೇಶ್ವರಿ ಉದ್ಯಾನದ ಹತ್ತಿರ ಎನ್ನುತ್ತಿತ್ತು. ಮೂರೂ ಒಂದೇ ಜಾಗವೆಂದು ಮುಂಬಯಿಯವರೆಲ್ಲರಿಗೂ ಗೊತ್ತು, ಆದರೆ ಅರ್ಜಿಯನ್ನು ಓದುವ ಯಂತ್ರಕ್ಕೆ ಗೊತ್ತಿಲ್ಲ. ಅದರ ಕಣ್ಣಿಗೆ ಅಲ್ಲಿದ್ದದ್ದು ನಾಲ್ಕು ಬೇರೆ ಬೇರೆ ವ್ಯಾಪಾರಗಳು.

ಖಾತೆಯ ಪರಿಶೀಲನೆಯ ಬಗ್ಗೆ ನಮ್ಮವರಲ್ಲಿರುವ ದೊಡ್ಡ ತಪ್ಪು ತಿಳಿವಳಿಕೆ ಇಲ್ಲಿಯೇ ಶುರುವಾಗುತ್ತದೆ. ನೀಲಿ ಟಿಕ್ ಎಂದರೆ ಹೆಸರು ಮಾಡಿದವರಿಗೆ ಸಿಗುವ ಮನ್ನಣೆ ಎಂದು ಹೆಚ್ಚಿನವರು ನಂಬಿದ್ದಾರೆ. ಅದಕ್ಕೆ ಕಾರಣವೂ ಇದೆ. 2009ರಲ್ಲಿ ಟ್ವಿಟರ್ ಈ ಗುರುತನ್ನು ಆರಂಭಿಸಿದ್ದು ಪ್ರಸಿದ್ಧರ ಹೆಸರಿನಲ್ಲಿ ನಕಲಿ ಖಾತೆಗಳು ಹುಟ್ಟಿಕೊಂಡಾಗ. ಮುಂದೆ ಫೇಸ್‌ಬುಕ್ 2013ರಲ್ಲಿ, ಇನ್‌ಸ್ಟಾಗ್ರಾಂ 2014ರಲ್ಲಿ ಅದೇ ದಾರಿ ಹಿಡಿದವು. ಆ ಕಾಲದಲ್ಲಿ ಪತ್ರಿಕೆಗಳಲ್ಲಿ ಹೆಸರು ಬಂದಿದ್ದವರಿಗೆ ಮಾತ್ರ ಗುರುತು ಸಿಗುತ್ತಿತ್ತು. 2022ರ ನವೆಂಬರಿನಲ್ಲಿ ಟ್ವಿಟರ್ ತಿಂಗಳಿಗೆ 8 ಡಾಲರ್ ಕೊಟ್ಟವರಿಗೆಲ್ಲ ಟಿಕ್ ಕೊಡತೊಡಗಿದಾಗ, ಎಲಿ ಲಿಲಿ ಎಂಬ ಔಷಧ ಕಂಪನಿಯ ಹೆಸರಿನ ನಕಲಿ ಖಾತೆಯೊಂದು ಹಣ ಕೊಟ್ಟು ಪಡೆದ ಟಿಕ್ಕಿನೊಂದಿಗೆ "ಇನ್ನು ಇನ್ಸುಲಿನ್ ಉಚಿತ" ಎಂದು ಬರೆಯಿತು. ನಿಜವಾದ ಕಂಪನಿ ಕ್ಷಮೆ ಕೇಳಿ ಸ್ಪಷ್ಟನೆ ಕೊಡಬೇಕಾಯಿತು. ಅದೇ ಡಿಸೆಂಬರಿನಲ್ಲಿ ಸಂಸ್ಥೆಗಳಿಗೆ ಚಿನ್ನದ ಬಣ್ಣದ ಗುರುತು ಬಂತು. 2023ರ ಏಪ್ರಿಲಿನಲ್ಲಿ ಹಳೆಯ ಉಚಿತ ಟಿಕ್‌ಗಳನ್ನು ತೆಗೆದುಹಾಕಲಾಯಿತು. ಅದೇ ವರ್ಷದ ಜೂನಿನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆತನ ಹೊಂದಿರುವ ಮೆಟಾ ಕಂಪನಿ ಭಾರತದಲ್ಲಿ ತಿಂಗಳಿಗೆ 699 ರೂಪಾಯಿಯ ಚಂದಾದೊಂದಿಗೆ ಮೆಟಾ ವೆರಿಫೈಡ್ ಆರಂಭಿಸಿತು. ವ್ಯಾಪಾರಗಳಿಗೆಂದೇ ಪ್ರತ್ಯೇಕ ಚಂದಾಗಳು ಆಮೇಲೆ ಬಂದವು. ಪ್ರಸಿದ್ಧಿಯ ಪ್ರಶ್ನೆ ಹೀಗೆ ಹಿಂದೆ ಸರಿದು, ಕಾಗದ ಹೇಳುವ ಹೆಸರೂ ಖಾತೆ ಹೇಳುವ ಹೆಸರೂ ಒಂದೇ ಹೌದೋ ಅಲ್ಲವೋ ಎಂಬ ಪ್ರಶ್ನೆ ಮುಂದೆ ಬಂದಿದೆ.

ಮೆಟಾದಲ್ಲಿಯೇ ಎರಡು ಬೇರೆ ಬೇರೆ ಪರಿಶೀಲನೆಗಳಿವೆ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು, ಏಕೆಂದರೆ ನನ್ನ ಬಳಿ ಬರುವ ಹತ್ತರಲ್ಲಿ ಎಂಟು ಮಂದಿ ಇವೆರಡನ್ನೂ ಒಂದೇ ಎಂದುಕೊಂಡಿರುತ್ತಾರೆ. ಒಂದು, ಚಂದಾ ಕೊಟ್ಟು ಪಡೆಯುವ ಮೆಟಾ ವೆರಿಫೈಡ್. ಹೆಸರಿನ ಪಕ್ಕ ನೀಲಿ ಗುರುತು ಬರುವುದು ಇದರಿಂದ, ಚಂದಾ ನಿಲ್ಲಿಸಿದರೆ ಗುರುತೂ ಹೋಗುತ್ತದೆ. ಇನ್ನೊಂದು, ಬಿಸಿನೆಸ್ ವೆರಿಫಿಕೇಶನ್ ಎನ್ನುವ ವ್ಯಾಪಾರದ ಪರಿಶೀಲನೆ. ಇದಕ್ಕೆ ಶುಲ್ಕವಿಲ್ಲ, ಇದರಿಂದ ಯಾವ ಟಿಕ್ಕೂ ಕಾಣಿಸಿಕೊಳ್ಳುವುದಿಲ್ಲ, ಆದರೆ ನಿಮ್ಮ ಸಂಸ್ಥೆ ಕಾನೂನಿನ ಪ್ರಕಾರ ಅಸ್ತಿತ್ವದಲ್ಲಿದೆ ಎಂದು ಕಂಪನಿ ಒಳಗಿನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎರಡನೆಯದನ್ನು ಮಾಡುವ ಗುಂಡಿ ಎಲ್ಲ ಖಾತೆಗಳಿಗೂ ಕಾಣಿಸುವುದಿಲ್ಲ. ವಾಟ್ಸ್ಯಾಪ್‌ನ ದೊಡ್ಡ ಮಟ್ಟದ ಸಂದೇಶ ಸೇವೆಯಂಥ ಸೌಲಭ್ಯಗಳನ್ನು ಬಳಸುವವರಿಗೆ ಅದು ತೆರೆದುಕೊಳ್ಳುತ್ತದೆ. ವಾಟ್ಸ್ಯಾಪ್‌ನಲ್ಲಿ ಮೊದಲು ಹಸಿರಾಗಿದ್ದ ಗುರುತು ಈಗ ನೀಲಿಯಾಗಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚಿದೆ. ಯೂಟ್ಯೂಬ್‌ನ ದಾರಿಯೇ ಬೇರೆ: ಅಲ್ಲಿ 1 ಲಕ್ಷ ಸಬ್‌ಸ್ಕ್ರೈಬರುಗಳು ಆಗುವವರೆಗೆ ಅರ್ಜಿ ಹಾಕುವ ಹಾಗೇ ಇಲ್ಲ.

ಕಾಗದಗಳಿಗೆ ಮರಳೋಣ, ಏಕೆಂದರೆ ಕೆಲಸವಿರುವುದು ಅಲ್ಲಿಯೇ. ನಮ್ಮ ಹೋಟೆಲುಗಳು, ಕ್ಯಾಟರಿಂಗ್‌ನವರು, ಮನೆಯಲ್ಲೇ ಚಕ್ಕುಲಿ, ಸಾಂಬಾರು ಪುಡಿ ಮಾಡಿ ಮಾರುವ ಡೊಂಬಿವಲಿಯ ಗೃಹಿಣಿಯರು, ಹೆಚ್ಚಿನವರೆಲ್ಲ ಏಕಮಾಲೀಕತ್ವದಲ್ಲಿ ನಡೆಯುವವರು. ಏಕಮಾಲೀಕತ್ವದಲ್ಲಿ ವ್ಯಾಪಾರಕ್ಕೆ ಮಾಲೀಕನಿಂದ ಬೇರೆಯಾದ ಕಾನೂನು ಅಸ್ತಿತ್ವವಿಲ್ಲ. ಹಾಗಾಗಿ ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಕಾನೂನಿನ ಹೆಸರು ಎಂಬ ಜಾಗದಲ್ಲಿ ಮಾಲೀಕರ ಸ್ವಂತ ಹೆಸರಿರುತ್ತದೆ, ಬೋರ್ಡಿನ ಮೇಲಿರುವ ಹೆಸರು ಅದರ ಕೆಳಗೆ ವ್ಯಾಪಾರದ ಹೆಸರು ಎಂಬ ಸಾಲಿನಲ್ಲಿ ಬರುತ್ತದೆ. ಎಷ್ಟೋ ಮಂದಿ ನೋಂದಣಿಯ ಸಮಯದಲ್ಲಿ ಆ ಎರಡನೆಯ ಸಾಲನ್ನು ಅವಸರದಲ್ಲಿ ಹೇಗೋ ತುಂಬಿಬಿಟ್ಟಿರುತ್ತಾರೆ. ಆಮೇಲೆ ಅರ್ಜಿಯ ಪತ್ರದಲ್ಲಿ ಕಾನೂನಿನ ಹೆಸರು ಕೇಳಿದಲ್ಲಿ ಹೋಟೆಲಿನ ಹೆಸರು ಬರೆಯುತ್ತಾರೆ. ಅರ್ಜಿ ತಿರಸ್ಕೃತವಾಗಲು ಅಷ್ಟು ಸಾಕು.

ಜಿಎಸ್‌ಟಿ ಸಂಖ್ಯೆಯನ್ನು ಒಮ್ಮೆ ಗಮನವಿಟ್ಟು ಓದಿ. ಹದಿನೈದು ಅಕ್ಷರಗಳು; ಮೊದಲ ಎರಡು ರಾಜ್ಯದ ಸಂಕೇತ, ಮಹಾರಾಷ್ಟ್ರಕ್ಕೆ 27; ಮುಂದಿನ ಹತ್ತು ನಿಮ್ಮ ಪ್ಯಾನ್ ಸಂಖ್ಯೆ. ಅಂದರೆ ಆ ಸಂಖ್ಯೆಯನ್ನು ಯಾರು ಹುಡುಕಿದರೂ ಅದರ ಹಿಂದಿರುವ ವ್ಯಕ್ತಿಯ ಹೆಸರು ಸಿಗುತ್ತದೆ, ಮತ್ತು ಆ ಹುಡುಕಾಟ ಸಾರ್ವಜನಿಕ ಜಾಲತಾಣದಲ್ಲಿ ಯಾರಿಗಾದರೂ ಸಾಧ್ಯ. ಪರಿಶೀಲಿಸುವವರು ನೋಡುವುದೂ ಇದನ್ನೇ. ಆದ್ದರಿಂದ ನಾನು ಎಲ್ಲರಿಗೂ ಮೊದಲು ಹೇಳುವುದು: ಜಿಎಸ್‌ಟಿ ಇದ್ದರೆ ಅದರಲ್ಲಿರುವ ಕಾಗುಣಿತವನ್ನೇ ಆಧಾರವಾಗಿ ಇಟ್ಟುಕೊಂಡು ಉಳಿದದ್ದೆಲ್ಲವನ್ನೂ ಅದಕ್ಕೆ ಹೊಂದಿಸಿ. ಜಿಎಸ್‌ಟಿಯಲ್ಲೇ ತಪ್ಪಿದ್ದರೆ ರೆಗ್-14 ಅರ್ಜಿಯ ಮೂಲಕ ತಿದ್ದಿಸಿಕೊಂಡು ಆಮೇಲೆ ಮುಂದುವರಿಯಿರಿ. ಜಿಎಸ್‌ಟಿಯ ಅಗತ್ಯವೇ ಬೀಳದ ಸಣ್ಣ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಇದೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಇದಕ್ಕೆ ಸರ್ಕಾರದ ಜಾಲತಾಣದಲ್ಲಿ ಒಂದು ರೂಪಾಯಿಯೂ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಕುಳಿತು ಮಾಡಬಹುದು. ಇದಕ್ಕೆ ಸಾವಿರಾರು ರೂಪಾಯಿ ತೆಗೆದುಕೊಳ್ಳುವ ಮಧ್ಯವರ್ತಿಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಹಣ ಕೊಡುವವರು ಹೆಚ್ಚಾಗಿ ಆ ಚಕ್ಕುಲಿ ಮಾರುವ ಅಕ್ಕಂದಿರೇ.

ಮುಂಬಯಿಯ ಅಂಗಡಿಗಳಿಗೆ ಇನ್ನೊಂದು ತೊಡಕಿದೆ. ಇಲ್ಲಿ ನಾಮಫಲಕ ಮರಾಠಿಯಲ್ಲಿ, ದೇವನಾಗರಿ ಲಿಪಿಯಲ್ಲಿ ಎದ್ದು ಕಾಣುವಂತೆ ಇರಬೇಕೆಂಬುದು ಕಾನೂನು. 2023ರಲ್ಲಿ ಸುಪ್ರೀಂ ಕೋರ್ಟ್ ಅಂಗಡಿಯವರಿಗೆ ಅದಕ್ಕಾಗಿ ಎರಡು ತಿಂಗಳ ಗಡುವು ಕೊಟ್ಟಾಗ ಅನೇಕರು ತರಾತುರಿಯಲ್ಲಿ ಬೋರ್ಡು ಬದಲಾಯಿಸಿದರು. ಆಗ ಕೆಲವರ ಬೋರ್ಡಿನಿಂದ ಇಂಗ್ಲಿಷ್ ಹೆಸರು ಚಿಕ್ಕದಾಯಿತು, ಕೆಲವರದು ಪೂರ್ತಿ ಹೋಯಿತು. ಗೂಗಲ್ ಮ್ಯಾಪ್‌ನಲ್ಲಿ ವ್ಯಾಪಾರದ ಪರಿಶೀಲನೆಗೆ ಈಗ ಬಹಳಷ್ಟು ಸಲ ವಿಡಿಯೋ ಕೇಳುತ್ತಾರೆ: ಎಲ್ಲಿಯೂ ಕತ್ತರಿಸದೆ, ಒಂದೇ ಓಟದಲ್ಲಿ, ರಸ್ತೆ ಮತ್ತು ಅಕ್ಕಪಕ್ಕದ ಕಟ್ಟಡ, ಆಮೇಲೆ ಬೋರ್ಡು, ಆಮೇಲೆ ಒಳಗೆ ಮಾಲೀಕರಿಗೆ ಮಾತ್ರ ಪ್ರವೇಶವಿರುವ ಜಾಗ. ಗಲ್ಲಾ ತೆರೆದು ತೋರಿಸಿದರೆ, ಶಟರಿನ ಬೀಗ ತೆಗೆದು ತೋರಿಸಿದರೆ ಒಳ್ಳೆಯದು. ಬೋರ್ಡಿನಲ್ಲಿ ಖಾತೆಯ ಹೆಸರು ಕಾಣದಿದ್ದರೆ ಅದೇ ವಿಡಿಯೋದಲ್ಲಿ ಗೋಡೆಗೆ ಹಾಕಿದ ಆಹಾರ ಪರವಾನಗಿಯ ಹತ್ತಿರ ಹೋಗಿ, ಅದರ ಹದಿನಾಲ್ಕು ಅಂಕಿಗಳೂ ಹೆಸರೂ ಓದುವಂತೆ ಎರಡು ಕ್ಷಣ ನಿಲ್ಲಿ. ನಾನು ಮಾಡಿಸಿದ ಹಲವು ಪರಿಶೀಲನೆಗಳಿಗೆ ಇದು ನೆರವಾಗಿದೆ. ಆದರೆ ಗೂಗಲ್‌ನಲ್ಲಿ ಹೆಸರಿನ ಜಾಗದಲ್ಲಿ 'ಬೆಸ್ಟ್ ಉಡುಪಿ ಹೋಟೆಲ್ ಮಾಟುಂಗಾ' ಎಂದೆಲ್ಲ ಸೇರಿಸಬೇಡಿ. ಬೋರ್ಡಿನಲ್ಲಿ ಇಲ್ಲದ ಪದ ಸೇರಿಸಿದ ಕಾರಣಕ್ಕೆ ಪುಟವೇ ಸ್ಥಗಿತವಾಗಬಹುದು.

ಜಾಲತಾಣ ಇರುವವರು ಪುಟದ ಕೆಳಗೆ ಒಂದು ಸಾಲು ಸೇರಿಸಲೇಬೇಕು: ವ್ಯಾಪಾರದ ಹೆಸರು, ಅದು ಯಾರ ಮಾಲೀಕತ್ವದ್ದು, ಪ್ರಮಾಣಪತ್ರದಲ್ಲಿರುವಂತೆಯೇ ವಿಳಾಸ, ಮಾಟುಂಗಾದವರಾದರೆ 400019 ಎಂಬ ಪಿನ್‌ಕೋಡ್ ಸಮೇತ. ಕಾನೂನಿನ ಹೆಸರಿಗೂ ಬೋರ್ಡಿನ ಹೆಸರಿಗೂ ನಡುವೆ ಸೇತುವೆಯಾಗುವುದು ಅದೊಂದೇ ಸಾಲು.

ಹೆಸರು ಹೊಂದಿದ ಮೇಲೂ ಕೆಲಸ ನಿಂತುಬಿಡುವುದು ಕೀಲಿಕೈ ಯಾರ ಬಳಿ ಇದೆ ಎಂಬ ಪ್ರಶ್ನೆಯಲ್ಲಿ. ನಮ್ಮ ಹೋಟೆಲುಗಳ ಫೇಸ್‌ಬುಕ್ ಪುಟಗಳನ್ನು ತೆರೆದವರು ಸಾಮಾನ್ಯವಾಗಿ ಮಾಲೀಕರಲ್ಲ. ಕಾಲೇಜಿಗೆ ಹೋಗುತ್ತಾ ಕೌಂಟರಿನಲ್ಲಿ ಕೂರುತ್ತಿದ್ದ ಅಳಿಯ, ಅಥವಾ ಎರಡು ವರ್ಷ ಕೆಲಸ ಮಾಡಿ ಊರಿಗೆ ಹೋದ ಹುಡುಗ, ತನ್ನ ಸ್ವಂತ ಖಾತೆಯಿಂದ ಪುಟ ತೆರೆದಿರುತ್ತಾನೆ. ಮಾಟುಂಗಾದ ಈ ಹೋಟೆಲಿನ ಪುಟದ ಏಕೈಕ ಅಡ್ಮಿನ್ ಕುಂದಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ. ಪುಣ್ಯಕ್ಕೆ ಒಳ್ಳೆಯ ಮನಸ್ಸಿನವನು, ಫೋನ್ ಮಾಡಿದ ಸಂಜೆಯೇ ಮಾಲೀಕರನ್ನು ಅಡ್ಮಿನ್ ಮಾಡಿದ. ಅಂಥವರು ಸಿಗದಿದ್ದರೆ ಗುರುತಿನ ಚೀಟಿ, ಮಾಲೀಕತ್ವದ ದಾಖಲೆ, ಸಹಿ ಮಾಡಿದ ವಿವರಣೆ ಇವನ್ನೆಲ್ಲ ಕೊಟ್ಟು ಕಂಪನಿಯೊಂದಿಗೆ ಬಹಳ ದಿನ ಪತ್ರ ವ್ಯವಹಾರ ಮಾಡಬೇಕಾಗುತ್ತದೆ. ಪುಟವನ್ನು ವ್ಯಾಪಾರದ ಪೋರ್ಟ್‌ಫೋಲಿಯೊಗೆ, ಅಂದರೆ ಒಂದು ವ್ಯಾಪಾರದ ಪುಟ, ಖಾತೆಗಳನ್ನೆಲ್ಲ ಒಂದೇ ಕಡೆ ನೋಡಿಕೊಳ್ಳುವ ಮೆಟಾದ ವ್ಯವಸ್ಥೆಗೆ ಸೇರಿಸಿ, ಕನಿಷ್ಠ ಇಬ್ಬರು ಮನೆಯವರನ್ನು ಪೂರ್ಣ ಅಧಿಕಾರದ ಅಡ್ಮಿನ್ ಮಾಡಿ, ಎರಡು ಹಂತದ ಲಾಗಿನ್ ಹಾಕಿಡಿ. ಆ ಎರಡನೆಯ ಹಂತ ಇಲ್ಲದೆ ಮೆಟಾ ವೆರಿಫೈಡ್ ಸಿಗುವುದೂ ಇಲ್ಲ.

ಅರ್ಜಿ ಹಾಕಿದ ಸುದ್ದಿ ವಂಚಕರಿಗೆ ಹೇಗೋ ತಿಳಿದಂತೆ, ಆ ದಿನಗಳಲ್ಲೇ ಮೆಸೆಂಜರಿನಲ್ಲಿ ಸಂದೇಶ ಬರುವುದುಂಟು: ನಿಮ್ಮ ಪುಟ ನಿಯಮ ಉಲ್ಲಂಘಿಸಿದೆ, 24 ಗಂಟೆಯೊಳಗೆ ಈ ಕೊಂಡಿ ಒತ್ತಿ ದೃಢೀಕರಿಸಿ ಎಂದು. ಮೇಲೆ ಮೆಟಾದ ಚಿಹ್ನೆಯೂ ಇರುತ್ತದೆ. ಒಟಿಪಿಯನ್ನು ಯಾರು ಕೇಳಿದರೂ ಕೊಡಬೇಡಿ, ಯಾರಾದರೂ "ಐದು ಸಾವಿರಕ್ಕೆ ಟಿಕ್ ಕೊಡಿಸುತ್ತೇನೆ" ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ. ಹೋಟೆಲಿನ ಹೆಸರಿನಲ್ಲಿ ನಕಲಿ ಖಾತೆಗೆ ಮುಂಗಡ ಕೊಟ್ಟಿದ್ದ ಇಬ್ಬರು ಗಿರಾಕಿಗಳಿಂದಲೂ ನಾವು ಅದನ್ನೇ ಮಾಡಿಸಿದೆವು.

ನಕಲಿ ಖಾತೆಯನ್ನು ತೆಗೆಸುವಾಗ ನಮಗೆ ಕೊರತೆಯಾಗಿ ಕಾಡಿದ್ದು ಟ್ರೇಡ್‌ಮಾರ್ಕ್. ಜಿಎಸ್‌ಟಿಯಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೆ ಆ ಹೆಸರು ನಿಮ್ಮದಾಗುವುದಿಲ್ಲ, ನೀಲಿ ಟಿಕ್ ಬಂದ ಮಾತ್ರಕ್ಕೂ ಆಗುವುದಿಲ್ಲ. ಹೋಟೆಲ್ ಸೇವೆಗೆ 43ನೇ ವರ್ಗದಲ್ಲಿ ಅರ್ಜಿ ಹಾಕಬೇಕು. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ನೋಂದಣಿಯಾದರೆ ಹತ್ತು ವರ್ಷ ಊರ್ಜಿತ. ಸಣ್ಣ ಉದ್ಯಮವೆಂದು ತೋರಿಸಲು ಅದೇ ಉದ್ಯಮ್ ಪ್ರಮಾಣಪತ್ರ ಸಾಕಾಗುತ್ತದೆ.

ಕಾಗದಗಳೆಲ್ಲ ಒಂದೇ ಹೆಸರಿಗೆ ಬರುವ ಹೊತ್ತಿಗೆ ನಮಗೆ ಹನ್ನೊಂದು ವಾರ ಹಿಡಿಯಿತು, ಮೂರನೆಯ ಅರ್ಜಿ ಮಾತ್ರ ಕೆಲವೇ ದಿನಗಳಲ್ಲಿ ಒಪ್ಪಿಗೆಯಾಯಿತು. ಒಪ್ಪಿಗೆಯಾದ ಮೇಲೆ ಖಾತೆಯ ಹೆಸರನ್ನಾಗಲಿ ಫೋಟೋವನ್ನಾಗಲಿ ಮನಸ್ಸಿಗೆ ಬಂದಂತೆ ಬದಲಾಯಿಸಲು ಬರುವುದಿಲ್ಲ, ಮತ್ತೆ ಪರಿಶೀಲನೆಗೆ ಹೋಗುತ್ತದೆ. ಹಾಗಾಗಿ ಹಬ್ಬಕ್ಕೆಂದು ಹೆಸರಿನ ಮುಂದೆ ದೀಪ, ಮೋದಕ ಸೇರಿಸುವ ಅಭ್ಯಾಸವಿರುವವರು ಅದನ್ನು ಬಿಡಬೇಕು. ಚೌತಿಯ ಆರ್ಡರುಗಳನ್ನು ಪರಿಶೀಲಿತ ಖಾತೆಯಿಂದಲೇ ತೆಗೆದುಕೊಳ್ಳಬೇಕೆಂದು ಬಯಸುವವರು ಶ್ರಾವಣದಲ್ಲಿ ನನ್ನ ಬಳಿ ಬಂದರೆ ತಡವಾಗಿರುತ್ತದೆ. ಜ್ಯೇಷ್ಠ ಮಾಸದಲ್ಲೇ ಫೈಲು ತೆಗೆದು, ಜಿಎಸ್‌ಟಿ, ಆಹಾರ ಪರವಾನಗಿ, ಗುಮಾಸ್ತಾ, ಬ್ಯಾಂಕ್ ಸ್ಟೇಟ್‌ಮೆಂಟ್, ಲೈಟ್ ಬಿಲ್ ಇವಿಷ್ಟನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು, ಮನೆಯಲ್ಲಿ ಇಂಗ್ಲಿಷ್ ಓದಬಲ್ಲ ಮಕ್ಕಳಿಂದ ಪ್ರತಿಯೊಂದರ ಹೆಸರನ್ನೂ ಅಕ್ಷರ ಅಕ್ಷರ ಬಿಡಿಸಿ ಓದಿಸಿಕೊಳ್ಳಿ.