ಬಿಳಿ ಬೆರಳು: ಗೊತ್ತಿದ್ದೂ ಕಾನೂನು ತಡವಾಗಿದ್ದೇಕೆ?

ಕಾಂಕ್ರೀಟ್ ಒಡೆಯುವ ಬ್ರೇಕರ್, ಗ್ರೈಂಡರ್, ಡ್ರಿಲ್, ಮರ ಕೊಯ್ಯುವ ಚೈನ್ ಸಾ. ಇವನ್ನು ದಿನವಿಡೀ ಹಿಡಿದವರ ಕೈ, ಮೆಷಿನ್ ಆಫ್ ಮಾಡಿದ ಮೇಲೂ ಜುಮುಜುಮು ಅನ್ನುತ್ತಿರುತ್ತದೆ. ಜಾಸ್ತಿ ಜನ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ವರ್ಷಗಟ್ಟಲೆ ಹೀಗೇ ನಡೆದರೆ ಬೆರಳಿನ ಸಣ್ಣ ರಕ್ತನಾಳ ಮತ್ತು ನರಗಳು ಹಾಳಾಗುತ್ತವೆ. ಚಳಿ ತಾಗಿದ ಕೂಡಲೇ ಬೆರಳು ಸುಣ್ಣ ಬಳಿದಂತೆ ಬಿಳಿಚಿಕೊಂಡು ಮರಗಟ್ಟುತ್ತದೆ. ರಕ್ತ ಮತ್ತೆ ಹರಿಯುವಾಗ ಕೆಂಪಾಗಿ ಉರಿಯುತ್ತದೆ. ಇದೇ ಬಿಳಿ ಬೆರಳು ಕಾಯಿಲೆ. ಕಾಯಿಲೆ ಬಲಿತರೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟ. ನರಕ್ಕೆ ಆದ ಹಾನಿ ಹೆಚ್ಚಾಗಿ ಸರಿಹೋಗುವುದೇ ಇಲ್ಲ.

ಇದು ಗೊತ್ತಾಗಿ ನೂರು ವರ್ಷ ಮೀರಿದೆ. ಗಾಳಿಯ ಒತ್ತಡದಿಂದ ನಡೆಯುವ ಉಪಕರಣ ಬಳಸುವವರ ಕೈಯಲ್ಲಿ ಈ ತೊಂದರೆ ಇದೆ ಎಂದು 1911ರಲ್ಲೇ ಇಟಲಿಯ ವೈದ್ಯ ಜೊವಾನಿ ಲೋರಿಗಾ ಬರೆದಿದ್ದರು. 1918ರ ಚಳಿಗಾಲದಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ಗೆ ಹೋದರು. ಅಲ್ಲಿ ಸುಣ್ಣದ ಕಲ್ಲು ಕೆತ್ತುವವರನ್ನು ಪರೀಕ್ಷಿಸಿದರು. ಉಳಿ ಹಿಡಿಯುವ ಎಡಗೈಗೇ ಪೆಟ್ಟು ಜಾಸ್ತಿ ಬಿದ್ದಿತ್ತು. ಉಪಕರಣದ ಕಂಪನ, ಚಳಿ, ಬಿಗಿಯಾದ ಹಿಡಿತ ಎಂದು ಅವರು ಮೂರು ಕಾರಣ ಕೊಟ್ಟರು. ಇವತ್ತಿನ ತಜ್ಞರೂ ಇದೇ ಮೂರನ್ನು ಹೇಳುತ್ತಾರೆ. ನನಗೆ ತೀರಾ ಬೇಸರ ತರಿಸುವ ಸಂಗತಿ ಮುಂದಿನದು. 60 ವರ್ಷದ ನಂತರ ಸಂಶೋಧಕರು ಅದೇ ಬೆಡ್‌ಫರ್ಡ್‌ಗೆ ಮತ್ತೆ ಹೋದಾಗ, ಕಲ್ಲು ಕೆತ್ತುವವರಲ್ಲಿ ಬಹುಪಾಲು ಜನರಿಗೆ ಆಗಲೂ ಅದೇ ಕಾಯಿಲೆ ಇತ್ತು.

ಏಕೆ ಹೀಗಾಯಿತು? ಬೆರಳು ಬಿಳಿಚುವುದು ಚಳಿಯಲ್ಲಿ, ಸ್ವಲ್ಪ ಹೊತ್ತು ಮಾತ್ರ. ಡಾಕ್ಟರ ಬೆಚ್ಚಗಿನ ಕೋಣೆಗೆ ಬರುವಷ್ಟರಲ್ಲಿ ಕೈ ಮಾಮೂಲಿನಂತೆ ಕಾಣುತ್ತದೆ. ಕಂಪನಕ್ಕೆ ಸಂಬಂಧವೇ ಇಲ್ಲದೆ, ಹುಟ್ಟಿನಿಂದ ಬಂದ ಸ್ವಭಾವದಿಂದಲೂ ಕೆಲವರ ಬೆರಳು ಹೀಗಾಗುತ್ತದೆ. ಹಾಗಾಗಿ ಕೆಲಸಗಾರ ಹೇಳಿದ್ದನ್ನು ನಂಬದೇ ಇರಲು ನೆಪ ಸುಲಭವಾಗಿ ಸಿಗುತ್ತಿತ್ತು. ಕೆಲಸದಿಂದ ಬರುವ ಯಾವ ಕಾಯಿಲೆಗೆ ಪರಿಹಾರ ಕೊಡಬೇಕು ಎಂದು ಸರ್ಕಾರಕ್ಕೆ ಹೇಳುವ ಬ್ರಿಟನ್ನಿನ ಸಲಹಾ ಮಂಡಳಿ 1954, 1970, 1975ರಲ್ಲಿ ಮೂರು ಬಾರಿ ಇದನ್ನು ಪರಿಹಾರದ ಪಟ್ಟಿಗೆ ಸೇರಿಸಲು ಒಪ್ಪಲಿಲ್ಲ. ಕೊನೆಗೆ ಸೇರಿದ್ದು 1985ರಲ್ಲಿ. ಕಲ್ಲಿದ್ದಲು ಗಣಿಗಾರರು ಕೋರ್ಟಿಗೆ ಹೋದರು. ಅಪಾಯ ಸರ್ಕಾರಿ ಗಣಿ ಸಂಸ್ಥೆ ಬ್ರಿಟಿಷ್ ಕೋಲ್‌ಗೆ 1970ರ ದಶಕದಲ್ಲೇ ಗೊತ್ತಿರಬೇಕಿತ್ತು ಎಂದು ಕೋರ್ಟ್ ಹೇಳಿತು. 1999ರಲ್ಲಿ ಶುರುವಾದ ಪರಿಹಾರ ಯೋಜನೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಪರಿಹಾರದ ಮೊತ್ತ 100 ಕೋಟಿ ಪೌಂಡ್ ದಾಟಿತು.

ತಡೆಯಲು ಆಗುತ್ತಿರಲಿಲ್ಲ ಅನ್ನುವಂತೆಯೂ ಇಲ್ಲ. ಕಾಡಿನ ಕೆಲಸ ಅದಕ್ಕೆ ಸಾಕ್ಷಿ. ಚೈನ್ ಸಾ ಹಿಡಿದವರಲ್ಲಿ ಬಿಳಿ ಬೆರಳು ಹೆಚ್ಚಾದಾಗ ತಯಾರಕರು ಹಿಡಿಕೆಗೂ ಎಂಜಿನ್ನಿಗೂ ನಡುವೆ ರಬ್ಬರ್ ಮೆತ್ತೆ ಇಟ್ಟರು. ಸಾ ಹಗುರವಾಯಿತು. ಜಪಾನಿನಲ್ಲಿ ದಿನಕ್ಕೆ 2 ಗಂಟೆ ಮಾತ್ರ ಸಾ ಹಿಡಿಯಬೇಕೆಂಬ ಮಿತಿ ಬಂತು. ಫಿನ್‌ಲೆಂಡಿನ ಸುಒಮುಸ್ಸಾಲ್ಮಿಯಲ್ಲಿ ಮರ ಕಡಿಯುವವರನ್ನು ವರ್ಷಗಟ್ಟಲೆ ಗಮನಿಸಿದರು. 1972ರಲ್ಲಿ ನೂರಕ್ಕೆ 40 ಮಂದಿಗೆ ಇದ್ದ ಕಾಯಿಲೆ 1990ರ ಹೊತ್ತಿಗೆ 5ಕ್ಕೆ ಇಳಿದಿತ್ತು. ಯಂತ್ರ ಬದಲಾಗಿದ್ದೇ ಇದಕ್ಕೆ ದೊಡ್ಡ ಕಾರಣ.

ಕಂಪನ ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 5349 ಬಂದದ್ದು 1986ರಲ್ಲಿ. ಯುರೋಪಿನ ನಿರ್ದೇಶನ 2002ರಲ್ಲಿ, ಅದರಂತೆ ಬ್ರಿಟನ್ನಿನ ನಿಯಮ 2005ರಲ್ಲಿ ಬಂದವು. ಕಂಪನದ ಜೋರನ್ನು ವೇಗೋತ್ಕರ್ಷದಲ್ಲಿ, ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದರಲ್ಲಿ, ಅಳೆಯುತ್ತಾರೆ. 8 ಗಂಟೆಯ ಲೆಕ್ಕದಲ್ಲಿ ಅದು ಸೆಕೆಂಡ್ ವರ್ಗಕ್ಕೆ 2.5 ಮೀಟರ್ (ಮುಂದೆ ಬರೀ ‘ಮೀಟರ್’) ಮುಟ್ಟಿದರೆ ಮಾಲೀಕರು ಅದನ್ನು ತಗ್ಗಿಸುವ ಕ್ರಮ ಶುರು ಮಾಡಬೇಕು. 5 ಮೀಟರ್ ದಾಟುವಂತೆಯೇ ಇಲ್ಲ.

ಈ ಲೆಕ್ಕದ ಒಂದು ಅಂಶ ಪ್ರತಿ ಸೂಪರ್‌ವೈಸರ್‌ಗೂ ಗೊತ್ತಿರಬೇಕು. ಕಂಪನ ಎರಡು ಪಟ್ಟಾದರೆ ಹಿಡಿಯಬಹುದಾದ ಸಮಯ ಅರ್ಧವಲ್ಲ, ಕಾಲು ಭಾಗ. 5 ಮೀಟರ್ ಕಂಪನದ ಉಪಕರಣವನ್ನು 8 ಗಂಟೆ ಹಿಡಿದರೆ ಗರಿಷ್ಠ ಮಿತಿ ಮುಟ್ಟುತ್ತದೆ. 10 ಮೀಟರಿನದ್ದಾದರೆ 2 ಗಂಟೆಗೇ ಮುಗಿಯಿತು. 20 ಮೀಟರಿನದ್ದಾದರೆ ಅರ್ಧ ಗಂಟೆ. ಇಲ್ಲಿ ಲೆಕ್ಕಕ್ಕೆ ಬರುವುದು ಟ್ರಿಗರ್ ಒತ್ತಿ ಹಿಡಿದ ಸಮಯ ಮಾತ್ರ.

ಗ್ಲೌಸ್ ಕೊಟ್ಟೆವು, ಜವಾಬ್ದಾರಿ ಮುಗಿಯಿತು ಅನ್ನುವವರು ತುಂಬಾ ಇದ್ದಾರೆ. ಬ್ರೇಕರ್‌ನಂಥ ಭಾರಿ ಯಂತ್ರಗಳ ನಿಧಾನ ಗತಿಯ ಕಂಪನವನ್ನು ಗ್ಲೌಸ್ ಅಷ್ಟಾಗಿ ತಡೆಯುವುದಿಲ್ಲ. ದಪ್ಪ ಗ್ಲೌಸ್ ಹಾಕಿದರೆ ಇನ್ನೂ ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಕೈ ಬೆಚ್ಚಗಿಡಲು ಅವು ಬೇಕು, ನಿಜ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ, ಈ ಕೆಲಸಕ್ಕೆ ಕೈಯಲ್ಲಿ ಹಿಡಿಯುವ ಯಂತ್ರವೇ ಬೇಕಾ ಅನ್ನುವುದು. ಬೇಕೇ ಬೇಕೆಂದರೆ ಕಂಪನ ಕಡಿಮೆ ಇರುವುದನ್ನು ಕೊಳ್ಳಬೇಕು, ಉಳಿ ಮೊಂಡಾಗಲು ಬಿಡಬಾರದು, ಸರದಿಯಲ್ಲಿ ಕೆಲಸ ಹಂಚಬೇಕು. ಯುರೋಪಿನಲ್ಲಿ ತಯಾರಕರು ಕಂಪನದ ಅಂಕಿ ಕೊಡಲೇಬೇಕು. ಆದರೆ ಅದು ಪರೀಕ್ಷೆಯಲ್ಲಿ ಸಿಕ್ಕ ಅಂಕಿ. ಸೈಟಿನಲ್ಲಿ, ಸವೆದ ಉಪಕರಣದಲ್ಲಿ, ಅದು ಎಷ್ಟೋ ಜಾಸ್ತಿ ಇರಬಹುದು. ಹಾಗಾಗಿ ಕೆಲಸಗಾರ "ಬೆರಳು ಜೋಮು ಹಿಡಿಯುತ್ತಿದೆ" ಅಂದ ದಿನವೇ ಡಾಕ್ಟರ ಹತ್ತಿರ ಕಳಿಸಬೇಕು, ಅವನ ಉಪಕರಣವನ್ನೂ ತಪಾಸಣೆಗೆ ಹಾಕಬೇಕು.