ಬಣ್ಣದಡಿ ಸಿಕ್ಕಿದ ದೋಷ

ಕಳೆದ ವಾರ ಹರಿಹರದ ಕಡೆಯ ಕಾರೊಂದನ್ನು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿರುವ ನನ್ನ ಅಂಗಡಿಗೆ ಎಳೆದು ತಂದರು. ಎಂಜಿನ್ ಇಳಿಸಿ, ರಿಂಗು, ಬೇರಿಂಗು ಬದಲಿಸಿ ಏರಿಸಿದ್ದರಂತೆ. ಕೀ ತಿರುಗಿಸಿದರೆ ಬರಿಯ ‘ಟಕಟಕ’ ಸದ್ದು. ಬ್ಯಾಟರಿ ಹೊಸದು, ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರೂ ಹೊಸದು. “ಇನ್ನು ಕಾರನ್ನೇ ಬದಲಿಸಬೇಕೇನಣ್ಣ?” ಎಂದರು ಮಾಲೀಕರು.

ಎಂಜಿನ್ ಕೆಲಸಕ್ಕೆ ಮುಂಚೆ ಚೆನ್ನಾಗಿ ಸ್ಟಾರ್ಟ್ ಆಗುತ್ತಿದ್ದ ಗಾಡಿ ಆಮೇಲೆ ಮೊಂಡು ಹಿಡಿದರೆ, ನಾನು ಮೊದಲು ನೋಡುವುದು ಮೇಸ್ತ್ರಿಯ ಕೈ ಆಡಿದ ಜಾಗಗಳನ್ನು. ಅದರಲ್ಲೂ ಅರ್ತ್ ಪಟ್ಟಿಯನ್ನು, ಅಂದರೆ ಎಂಜಿನ್ನನ್ನು ಬ್ಯಾಟರಿಯ ಮೈನಸ್ ಕಡೆಗೆ ಜೋಡಿಸುವ ದಪ್ಪ ತಂತಿಯನ್ನು. ಎಂಜಿನ್ ಕೂರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯದು. ಸೆಲ್ಫ್ ಎಳೆಯುವ ನೂರಕ್ಕೂ ಮಿಕ್ಕಿದ ಆಂಪಿಯರ್ ಬ್ಯಾಟರಿಗೆ ಮರಳಲು ಆ ಪಟ್ಟಿಯೇ ದಾರಿ. ಅದು ಕೆಟ್ಟರೆ ಕರೆಂಟ್ ಕ್ಲಚ್ ಕೇಬಲ್ಲಿನಲ್ಲಿ ನುಸುಳಿ ಅದನ್ನು ಸುಡುವುದೂ ಉಂಟು.

ಗುರುತು ಸುಲಭ. ಹೆಡ್‌ಲೈಟ್ ಹಚ್ಚಿ ಕೀ ತಿರುಗಿಸಿ. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿಯನ್ನೋ ಅದರ ಟರ್ಮಿನಲ್ಲನ್ನೋ ಅನುಮಾನಿಸಿ. ಈ ಕಾರಿನಲ್ಲಿ ಬೆಳಕು ಕದಲಲೇ ಇಲ್ಲ, ಹಾಗಾಗಿ ಅನುಮಾನ ಅರ್ತ್ ಕಡೆಗೆ ತಿರುಗಿತು. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ವೋಲ್ಟ್ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ, ಕೀ ತಿರುಗಿಸಲು ಹೇಳಿದೆ. 0.2 ವೋಲ್ಟ್ ಆಸುಪಾಸಿನಲ್ಲಿ ಇರಬೇಕಾದದ್ದು 9 ದಾಟಿತು; ಅಂದರೆ ಕರೆಂಟ್ ಮರಳುವ ದಾರಿಯಲ್ಲೇ ತಡೆ. ಪಟ್ಟಿಯನ್ನು ತಡೆ ಅಳೆಯುವ ಓಮ್ ಮೀಟರಿನಲ್ಲಿ ಅಳೆದು ‘ಸರಿಯಿದೆ’ ಎನ್ನುವವರನ್ನು ನಾನು ನಂಬುವುದಿಲ್ಲ. ಒಂದೇ ಎಳೆ ಉಳಿದ ತಂತಿಯೂ ಅಲ್ಲಿ ಪಾಸಾಗುತ್ತದೆ. ಸೆಲ್ಫ್ ಎಳೆಯುವಷ್ಟು ಕರೆಂಟಿನ ಭಾರ ಬಿದ್ದಾಗಲೇ ಅದರ ಬಂಡವಾಳ ಬಯಲಾಗುವುದು.

ಜಂಪರ್ ಕೇಬಲ್ಲಿನಿಂದ ಬ್ಯಾಟರಿಯ ಮೈನಸ್ಸನ್ನು ನೇರ ಎಂಜಿನ್ನಿಗೆ ಜೋಡಿಸಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಟಕ್ ಎನ್ನುವ ಸದ್ದೂ ಇಲ್ಲದಿದ್ದರೆ ದಾರಿ ಬೇರೆ: ಸೆಲ್ಫ್‌ಗೆ ಹೋಗುವ ಸಣ್ಣ ವೈರು, ರಿಲೇ, ಗೇರ್ ಅಥವಾ ಕ್ಲಚ್ ಸ್ವಿಚ್ಚಿನ ಪ್ಲಗ್ಗು ನೋಡಬೇಕು. ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ಪ್ಲಗ್ ಹಾಕಿದ್ದಾರೆಯೇ ಎಂದು ಮೊದಲು ನೋಡಿ.

ಈ ಕಾರಿನ ಅರ್ತ್ ಪಟ್ಟಿ ಇರಬೇಕಾದ ಜಾಗದಲ್ಲೇ ಬಿಗಿಯಾಗಿ ಕೂತಿತ್ತು. ಆದರೆ ಎಂಜಿನ್ ಹೊಸದರಂತೆ ಕಾಣಲೆಂದು ಬೆಳ್ಳಿ ಬಣ್ಣ ಬಳಿದು, ಅದರ ಮೇಲೆಯೇ ಬೋಲ್ಟ್ ಬಿಗಿದಿದ್ದರು. ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದೆ. ಮೀಟರು 0.1 ತೋರಿಸಿತು. ಮಾಲೀಕರು ಹಳೆಯ ಬ್ಯಾಟರಿಯನ್ನು ಅದಾಗಲೇ ಗುಜರಿಗೆ ತೂಕ ಹಾಕಿಸಿದ್ದರು.